ಹಾನ್‌ಜಿರೊ ಸತ್ತ ಬೆಳಗ್ಗೆ

ಒಕುಮೆ ತನ್ನ ಚಿತ್ರದಂಗಡಿಯ ಬಾಗಿಲು ತೆಗೆದು, ನಟ ಹಾನ್‌ಜಿರೊನ ಹೊಸ ಚಿತ್ರ ತೂಗುಹಾಕಿ, ಇನ್ನೂ ಒಂದು ಬಟ್ಟಲು ಚಹಾ ಕುಡಿದಿರಲಿಲ್ಲ. ಬೀದಿಯಲ್ಲಿ ಗೊಳೋ ಎಂದು ಅಳು ಎದ್ದಿತು. ತೋಫು ಮಾರುವ ಒತಾಕಿ ಅಜ್ಜಿ ಚಿತ್ರದ ಮುಂದೆ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು.

“ಅಯ್ಯೋ, ಹಾನ್‌ಜಿರೊ ಹೋಗ್ಬಿಟ್ನಾ! ಮೊನ್ನೆ ತಾನೇ ಅವನ ಮೇಲೆ ಕಿತ್ತಳೆ ಸಿಪ್ಪೆ ಎಸೆದಿದ್ದೆ ಕಣೇ!”

ಒಕುಮೆ ಓಡಿ ಬಂದು ಚಿತ್ರವನ್ನು ಈಗ ಸರಿಯಾಗಿ ನೋಡಿದಳು. ನಿಲುವಂಗಿಯ ಬಲ ಅಂಚು ಎಡದ ಮೇಲೆ ಬಂದಿತ್ತು. ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ನಟ ತೀರಿಕೊಂಡಾಗ ಅಂಗಡಿಗಳು ಮಾರುವ ಕೊನೆಯ ಚಿತ್ರವೇ ಇದೆಂದು ಜನ ತಿಳಿದದ್ದರಲ್ಲಿ ತಪ್ಪೇನು?

“ರೀ! ಏನು ಕೆತ್ತಿದ್ದೀರಿ ಇದು?”

ಅಚ್ಚಿನ ಹಲಗೆ ಕೆತ್ತುವ ಗಂಡ ತೊಮೆಗೊರೊ ತಲೆ ಕೆರೆದುಕೊಂಡ. “ಹಲಗೆಗೆ ಅಂಟಿಸೋವಾಗ ಮೂಲ ಚಿತ್ರದ ಕಾಗದ ಕೊರಳ ಹತ್ರ ಹರಿದೋಯ್ತು. ನೀನು ಎದುರಿಗೇ ಕೂತಿದ್ದೆ, ನಿನ್ನ ನಿಲುವಂಗಿಯ ಕೊರಳು ನೋಡ್ಕೊಂಡು ಹಾಗೇ ಕೆತ್ತಿದೆ ಕಣೆ.”

ಹಲಗೆಯ ಮೇಲಿದ್ದದ್ದು ಕಾಗದಕ್ಕೆ ಇಳಿಯುವಾಗ ಎಡ ಬಲವಾಗುತ್ತದೆ ಎಂಬುದನ್ನು ಇಪ್ಪತ್ತು ವರ್ಷ ಕೆತ್ತಿದ ಮಹಾನುಭಾವ ಮರೆತಿದ್ದ! ನಾಳೆಯೇ ಹಾನ್‌ಜಿರೊನ ಹೊಸ ನಾಟಕ. ಸತ್ತವನ ಆಟಕ್ಕೆ ಯಾರು ಬರುತ್ತಾರೆ? ಅವನು ಸಿಟ್ಟಾದರೆ ಮುಗಿಯಿತು, ಯಾವ ನಟನೂ ಇನ್ನು ಈ ಅಂಗಡಿಯಲ್ಲಿ ತನ್ನ ಚಿತ್ರ ಅಚ್ಚು ಹಾಕಲು ಬಿಡುವುದಿಲ್ಲ. ಒಕುಮೆ ಚಿತ್ರಗಳನ್ನು ಬಾಚಿ ಒಳಗಿಡಲು ಹೋದಳು. ಎದೋ ಪಟ್ಟಣದ ಹೆಂಗಸರು ಬಿಡಬೇಕಲ್ಲ! ಕಿತ್ತಾಡಿ ಚಿತ್ರ ಕೊಂಡರು, ಕೊಂಡು ಅತ್ತರು.

“ನಮ್ಮ ಹಾನ್‌ಜಿರೊ ಎಷ್ಟು ಚೆನ್ನಾಗಿ ಕೊಲೆ ಮಾಡ್ತಿದ್ದ!” ಎಂದು ಒಬ್ಬಳು ಬಿಕ್ಕಿದಳು.

ತಲೆಗೆ ವಸ್ತ್ರ ಸುತ್ತಿಕೊಂಡು ಹಿಂದೆ ನಿಂತಿದ್ದವನೊಬ್ಬ ಎಲ್ಲರಿಗಿಂತ ಜೋರಾಗಿ ಅಳತೊಡಗಿದ. ಒತಾಕಿ ಅಜ್ಜಿ ಸಮಾಧಾನ ಮಾಡಲೆಂದು ಅವನ ಮುಖ ಎತ್ತಿದಳು. ಸಾಕ್ಷಾತ್ ಹಾನ್‌ಜಿರೊ!

ಇಬ್ಬರು ಚೀರಿ ಮೂರ್ಛೆ ಹೋದರು. ಅಜ್ಜಿ ಮಾತ್ರ ಕೈಲಿದ್ದ ತೋಫು ಸೌಟಿನಿಂದ ಅವನ ಬೆನ್ನಿಗೆ ಬಾರಿಸಿದಳು. “ಬದುಕಿದ್ದೂ ನನ್ನ ಅಳಿಸ್ತೀಯೇನೋ, ಮುಂಡೇದೆ!” ಬಾರಿಸುತ್ತಲೇ ನಗಲು ಶುರುಮಾಡಿದಳು, ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು.

ಒಕುಮೆಗೆ ನಗು ಬರಲಿಲ್ಲ. ನೆಲಕ್ಕೆ ಹಣೆ ಹಚ್ಚಿದಳು. “ತಪ್ಪಾಯ್ತು ಸ್ವಾಮಿ. ಈಗಲೇ ಕೊರಳು ಸರಿ ಮಾಡಿಸ್ತೀವಿ.”

“ಬೇಡ ತಾಯಿ!” ಹಾನ್‌ಜಿರೊ ಮೂಗು ಒರೆಸಿಕೊಂಡ. “ಮೂವತ್ತು ವರ್ಷದಿಂದ ಬರೀ ಕೊಲೆಗಡುಕನ ವೇಷ, ಬರೀ ಬೈಗುಳ. ‘ನಮ್ಮ ಹಾನ್‌ಜಿರೊ’ ಅಂತ ಇವತ್ತೇ ಕೇಳಿದ್ದು. ನಾಳೆ ಈ ಚಿತ್ರದಲ್ಲಿರೋ ಹಾಗೇ ಉಟ್ಕೊಂಡು ರಂಗಕ್ಕೆ ಬರ್ತೀನಿ, ಎಲ್ಲರೂ ಬನ್ನಿ. ಆ ಕೊರಳಿಗೆ ಉಳಿ ತಾಗಿಸಿದ್ರೆ ಮಾತ್ರ ನಿಜವಾಗ್ಲೂ ಸತ್ತೋಗ್ತೀನಿ!”