ಮಾಲೀಕನ ಚೀಟಿಗೆ ರೇಷ್ಮೆ ಅಂಚು

ಇನ್ಸಾದಾಂಗ್ ಬೀದಿಯಲ್ಲಿ ನಲವತ್ತು ವರ್ಷದಿಂದ ಹಳೆಯ ಚಿತ್ರಗಳ ಬೆನ್ನಿಗೆ ಕಾಗದ ಅಂಟಿಸಿ ರೇಷ್ಮೆ ಅಂಚು ಕಟ್ಟುವುದು ನನ್ನ ಕಸುಬು. ಹತ್ತು ವರ್ಷ ಕೊಳೆಸಿದ ಗೋಧಿ ಗಂಜಿಯೇ ನನ್ನ ಅಂಟು. ಅದರ ವಾಸನೆಗೆ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ, ನನಗೇನು.

ಆ ವಾರ ದಾಮ್ಯಾಂಗ್ ಊರಿನ ಪ್ಯೊ ಎಂಬ ಹೆಂಗಸು ತನ್ನ ಮಾವ ಬಿಟ್ಟುಹೋದ ಬಿದಿರಿನ ಚಿತ್ರವೊಂದನ್ನು ರಿಪೇರಿಗೆ ಕೊಟ್ಟಿದ್ದಳು. ಅಂಚಿಗೆ ಹುಳು ಬಿದ್ದಿತ್ತು, ಆದರೆ ಬರೆದ ಕೈ ದೊಡ್ಡದು. ಅದು ನಮ್ಮ ಕಟ್ಟಡದ ಮಾಲೀಕ ಗು ಸಾಂಗ್‌ಹ್ಯೊಕ್‌ನ ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಅವನ ಹಳೆಯ ಚಿತ್ರಗಳ ಅಂಗಡಿ. ನನ್ನ ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿ ಮಾತಿಗೆ ಕುಳಿತ.

ದಪ್ಪ ಕಾಗದವನ್ನು ನೆನೆಸಿ, ತಾಳ್ಮೆಯಿದ್ದರೆ ಎರಡು ಪದರವಾಗಿ ಸೀಳಬಹುದು. ಮಸಿ ಕೆಳಗಿನ ಪದರಕ್ಕೂ ಇಳಿದಿರುತ್ತದೆ. ಮೇಲಿನದು ಆ ಹೆಂಗಸಿಗೆ, ಕೆಳಗಿನದು ತನಗೆ, ಅವಳಿಗೆ ಗೊತ್ತೇ ಆಗುವುದಿಲ್ಲ ಎಂದ. ಗೊತ್ತಾಗುವುದಿಲ್ಲ, ನಿಜ. ಹಾಗೆ ಸೀಳಬಲ್ಲ ಕೈ ಈ ಬೀದಿಯಲ್ಲಿ ಉಳಿದಿರುವುದು ನನ್ನದೊಂದೇ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

“ಆಗಲ್ಲ,” ಎಂದೆ.

“ಯೋಚನೆ ಮಾಡಿ ಅಜ್ಜಿ. ಈ ಅಂಗಡಿ ನಂದು.”

“ಅಂಗಡಿ ನಿಂದು. ಕೈ ನಂದು.”

ಹಾಗಾದರೆ ತಿಂಗಳ ಕೊನೆಗೆ ಖಾಲಿ ಮಾಡಿ ಎಂದ. ಬರೆದುಕೊಡು, ಕಾರಣವನ್ನೂ ಬರೆ ಎಂದು ನನ್ನದೇ ದಪ್ಪ ಕಾಗದ, ಕುಂಚ, ಮಸಿ ಮುಂದಿಟ್ಟೆ. ತನ್ನ ಬರಹದ ಮೇಲೆ ಅವನಿಗೆ ಎಲ್ಲಿಲ್ಲದ ಜಂಬ. ಸಿಟ್ಟಿನಲ್ಲೂ ಅಕ್ಷರ ತಿದ್ದಿ ತೀಡಿ ಬರೆದ: ಹೇಳಿದ ಕೆಲಸ ಮಾಡಲು ಒಪ್ಪದ ಕಾರಣ ಅಂಗಡಿ ತೆರವು ಮಾಡತಕ್ಕದ್ದು. ಕೆಳಗೆ ತನ್ನ ಕೆಂಪು ಮುದ್ರೆಯನ್ನೂ ಒತ್ತಿದ.

ಬಿದಿರಿನ ಚಿತ್ರವನ್ನು ಬಾಗಿಲು ತೆರೆದಿಟ್ಟೇ ಮುಗಿಸಿದೆ. ಪ್ಯೊ ಬಂದಾಗ ನಡೆದದ್ದೆಲ್ಲ ಹೇಳಿ ಇಡೀ ಚಿತ್ರ ಕೈಗಿಟ್ಟೆ. ಅದನ್ನು ಎದೆಗವಚಿಕೊಂಡು ಬಸ್ಸಿಗೆ ಹೋದಳು.

ಆಮೇಲೆ ಗುವಿನ ಚೀಟಿ ಎತ್ತಿಕೊಂಡೆ. ಬೆನ್ನಿಗೆ ಎರಡು ಕಾಗದ, ಸುತ್ತ ಎಷ್ಟೋ ವರ್ಷದಿಂದ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ನೀಲಿ ರೇಷ್ಮೆ. ಹಲಗೆಯ ಮೇಲೆ ಹತ್ತು ದಿನ ಒಣಗಿಸಿ, ಬೀದಿಗೆ ಕಾಣುವಂತೆ ಗಾಜಿನ ಹಿಂದೆ ತೂಗುಹಾಕಿದೆ. ಪ್ರವಾಸಿಗಳು ಫೋಟೊ ತೆಗೆದುಕೊಂಡರು. ಬೀದಿಯವರು ಓದಿಕೊಂಡರು. ಹಳೆಯ ಚಿತ್ರ ಮಾರುವವನು ಎಂಥ ಕೆಲಸ ಹೇಳಿದರೆ ನನ್ನಂಥವಳು ಒಪ್ಪುವುದಿಲ್ಲ ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎದುರಿನ ಕುಂಚದಂಗಡಿಯ ಮೆಂಗ್ ಮುದುಕ ದಿನಕ್ಕೆರಡು ಸಲ ಬಂದು ಜೋರಾಗಿ ಓದಿ, ಅಕ್ಷರ ಮುತ್ತಿನಂತಿದೆ ಎಂದು ಹೊಗಳಿ ಹೋಗುತ್ತಿದ್ದ.

ತೂಗುಹಾಕಿದ ನಾಲ್ಕನೆಯ ದಿನ ಗು ಬಂದ. ಖಾಲಿ ಮಾಡುವುದು ಬೇಡ, ಇಲ್ಲೇ ಇರಿ, ಅದೊಂದನ್ನು ಕೊಟ್ಟುಬಿಡಿ ಎಂದ. ನಾನು ಆಗಲೇ ಅಂಟಿನ ಜಾಡಿಗೆ ಹಗ್ಗ ಕಟ್ಟುತ್ತಿದ್ದೆ. ಮೆಂಗ್ ತನ್ನ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದ. ಚೀಟಿ ತೂಗುಹಾಕಲು ಮುಂದಿನ ಗಾಜಿನ ಕಿಟಕಿಯನ್ನೂ.

“ಹಾಗೇ ಕೊಡೋಕಾಗಲ್ಲಪ್ಪ,” ಎಂದೆ. “ಬೇಕಿದ್ರೆ ಸೀಳಿ ಎರಡು ಮಾಡ್ತೀನಿ. ಮೇಲಿನದು ಬೀದಿಗೆ, ಕೆಳಗಿನದು ನಿಂಗೆ.”