ಕಿಡಿ ನೋಡುವ ಕಣ್ಣು

ಸವಣೂರಿನ ಆ ಲೇಥ್ ಅಂಗಡಿಯಲ್ಲಿ ಎರಡು ವರ್ಷದಿಂದ ಕೆಲಸವೆಲ್ಲ ಉಮೈಮಾಳದು, ಹೆಸರು ಮಾತ್ರ ಅವಳಪ್ಪ ಹಯಾತಸಾಬನದು. ಅವನ ಕಣ್ಣಿಗೆ ಪೊರೆ ಬಂದಿತ್ತು, ಬಾಯಿಗೆ ಬಂದಿರಲಿಲ್ಲ.

ಮಾಸೂರಿನ ಫಕ್ಕೀರೇಶ ಕಾಳು ಒಕ್ಕುವ ರಾಶಿ ಮಷೀನಿಗೆ ಇನ್ನೊಂದು ಶಾಫ್ಟ್ ಮಾಡಿಸಲು ಬಂದ. "ಹ್ವಾದ ಸಲದ್ದು ಕೂದಲೆಳಿಯಷ್ಟೂ ಫರಕ ಇರಲಿಲ್ರಿ. ಮಗಳು ಮಾಡಿದ್ದೇನ್ರಿ?"

"ಅಕಿನಾ? ಅಕಿ ಕಸಾ ಹೊಡಿಯಾಕ ಅದಾಳ," ಹಯಾತಸಾಬ ನಕ್ಕ. "ಉಕ್ಕಿನ ಗುಣ ಹೆಣ್ಮಕ್ಕಳಿಗೇನ ತಿಳಿತೈತಿ."

ಮೂಲೆಯಿಂದ ಒಂದು ಸರಳು ಎಳೆದು ತಾನೇ ಗ್ರೈಂಡರಿಗೆ ಹಿಡಿದ. ಗಟ್ಟಿ ಉಕ್ಕಾದರೆ ಕಿಡಿಗಳು ಹೂವಿನಂತೆ ಒಡೆಯಬೇಕು. ಇವು ಒಡೆಯದೆ ಉದ್ದಕ್ಕೆ ಹಾರಿಹೋದವು. ಅದು ಬರೀ ಮೆತ್ತನೆಯ ಕಬ್ಬಿಣ, ರಾಶಿಗೆ ಹಚ್ಚಿದರೆ ವಾರದೊಳಗೆ ಬಾಗುವಂಥದ್ದು.

"ನೋಡ್ರಿ, ಹೆಂಗ ಹೂವು ಬಿಡಾಕತ್ತೈತಿ," ಎಂದ.

ಪಕ್ಕದಲ್ಲೇ ನಿಂತು ಕಿಡಿ ನೋಡಿದ ಉಮೈಮಾ ಅದೇ ಸರಳನ್ನು ಲೇಥಿಗೆ ಕಟ್ಟಿ, ಅಳತೆ ಒಂದಿಷ್ಟೂ ತಪ್ಪದಂತೆ ಕಡೆದುಕೊಟ್ಟಳು.

"ಎಷ್ಟ ದಿನ ತಾಳತೈತ್ರಿ?" ಫಕ್ಕೀರೇಶ ಕೇಳಿದ.

"ನನ್ನ ಹೆಸರು ಇರೂತನಕ," ಎಂದ ಹಯಾತಸಾಬ.

ಅವಳು ಅಕ್ಷರದ ಅಚ್ಚುಗಳನ್ನೂ ಸುತ್ತಿಗೆಯನ್ನೂ ಎತ್ತಿಕೊಂಡು, ಎಂದಿನಂತೆ ಶಾಫ್ಟಿನ ತುದಿಗೆ ಅಪ್ಪನ ಹೆಸರು ಹೊಡೆದಳು. ಈ ಸಲ ಒಂದೊಂದು ಅಕ್ಷರಕ್ಕೂ ಎರಡೆರಡು ಪೆಟ್ಟು ಹಾಕಿದಳು.