ಸತ್ತವಳ ಕೈರುಚಿ

ಗುಡುಗಮ್ಮ ತೀರಿಕೊಂಡ ಸುದ್ದಿ ಗುಡುಗಮ್ಮನಿಗೆ ಗೊತ್ತಾದದ್ದು ಅವಳದೇ ಹೋಟೆಲಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಕಿಟಕಿ ಪಕ್ಕದ ಮೇಜಿಗೆ ಕೂತು ಕಾಳಿನ ಸೂಪು ತರಲು ಹೇಳಿದ ಮೇಲೆ.

"ಒಳ್ಳೇದನ್ನೇ ಆರಿಸಿದ್ರಿ ಅಮ್ಮ," ಎಂದಳು ಬಡಿಸುವ ಹೆಂಗಸು. ಹೊಸಬಳು, ಗುಡುಗಮ್ಮನನ್ನು ಹಿಂದೆ ಕಂಡವಳಲ್ಲ. "ಇದು ನಮ್ಮ ದೊಡ್ಡಮ್ಮನ ಕೈರುಚಿ. ಪಾಪ, ಅವರು ಈಗಿಲ್ಲ."

"ಇಲ್ಲ ಅಂದ್ರೆ? ಎಲ್ಲಿಗೆ ಹೋದ್ರು?"

"ತೀರ್ಕೊಂಡ್ರು ಅಮ್ಮ. ಒಲೆ ಮುಂದೆ ನಿಂತ ಹಾಗೇ ಪ್ರಾಣ ಹೋಯ್ತಂತೆ. ಹೋಗೋ ಮುಂಚೆ 'ಯಾರನ್ನೂ ಹಸಿದ ಹೊಟ್ಟೇಲಿ ಕಳಿಸ್ಬೇಡಿ' ಅಂದ್ರಂತೆ." ಹೆಂಗಸು ಗೋಡೆಯ ಕಡೆ ಕೈ ತೋರಿಸಿದಳು.

ಗೋಡೆಯ ಮೇಲೆ ಗುಡುಗಮ್ಮನ ಹರೆಯದ ಫೋಟೋ. ಬಣ್ಣದ್ದಾಗಿತ್ತು ಅದು, ಯಾರೋ ಬಣ್ಣ ತೆಗೆದು, ಅಂಚು ಸುಟ್ಟಂತೆ ಮಾಡಿ, ಇನ್ನೂ ಅರ್ಧ ಶತಮಾನ ಹಿಂದಕ್ಕೆ ತಳ್ಳಿದ್ದರು. ಇನ್ನು ಆ ಕೊನೆಯ ಮಾತು! ಅಂಥ ಸಕ್ಕರೆ ಮಾತು ಅವಳ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಸಾಯುವಾಗಲೂ ಅವಳು ಹೇಳಬಹುದಾಗಿದ್ದ ಮಾತೆಂದರೆ "ತಿಂದಾಯ್ತಲ್ಲ, ಜಾಗ ಬಿಡು" ಎಂಬುದು. ಆ ಗದರಿಕೆಗೇ ಬೀದಿ ಅವಳಿಗೆ ಗುಡುಗಮ್ಮ ಎಂದು ಹೆಸರಿಟ್ಟಿತ್ತು. ಬೈಸಿಕೊಂಡವರೇ ಮರುದಿನ ಮತ್ತೆ ಬಂದು ಕೂರುತ್ತಿದ್ದರು.

ಮಣಿಕಟ್ಟು ಮುರಿದುಕೊಂಡು ತಂಗಿಯ ಮನೆ ಸೇರಿದ ಮೇಲೆ ಈ ಕಡೆ ಅವಳು ತಲೆ ಹಾಕಿರಲಿಲ್ಲ. ತಂಗಿಯ ಮಗ ಬೀಗದ ಕೈ ಇಸಕೊಂಡು, "ನಾಲ್ಕು ದಿನ ನಾನು ನೋಡ್ಕೋತೀನಿ ದೊಡ್ಡಮ್ಮ" ಅಂದಿದ್ದ. ಅವನ ನಾಲ್ಕು ದಿನ ವರ್ಷವಾಗುತ್ತ ಬಂತು. ಇವತ್ತು ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದಿದ್ದಳು. ಬಂದು ನೋಡಿದರೆ ಬೀದಿಯೇ ಬೇರೆ. ದರ್ಜಿಯ ಅಂಗಡಿ ಕಾಫಿ ಅಂಗಡಿಯಾಗಿ, ಜನ ಕಾಫಿಯ ನೊರೆಯ ಮೇಲಿನ ಚಿತ್ರ ಅಳಿಸದ ಹಾಗೆ ಹೆದರಿ ಹೆದರಿ ಕುಡಿಯುತ್ತಿದ್ದರು. ಚಪ್ಪಲಿ ಹೊಲಿಯುವವನ ಗೂಡಿನಲ್ಲಿ ಈಗ ನಿಂತುಕೊಂಡೇ ಕೇಕು ತಿನ್ನಬೇಕು, ಕೂರುವವರಿಗೆ ಕೊಡುವುದಿಲ್ಲವಂತೆ. ಪ್ರತಿ ಬಾಗಿಲಲ್ಲೂ ಅಂಗಡಿಯವರ ಒಂದೊಂದು ಕಥೆ ಬರೆದಿತ್ತು: ಇವನು ಬೆಟ್ಟ ಹತ್ತಿದ, ಅವಳು ಬ್ಯಾಂಕಿನ ಕೆಲಸ ಬಿಟ್ಟಳು. ಆಗ ಅವಳಿಗೆ ನಗು ಬಂದಿತ್ತು. ತನ್ನದೇ ಬಾಗಿಲೊಳಗೆ ತನ್ನದೇ ಸಾವಿನ ಕಥೆ ಕಾದಿದೆಯೆಂದು ಏನು ಗೊತ್ತು!

ಸೂಪು ಬಂತು. ಮರದ ಹಲಗೆಯ ಮೇಲೆ ಅಂಗೈಯಗಲದ ಬಟ್ಟಲು, ಅದರೊಳಗೊಂದು ಹೂವು. ಗುಡುಗಮ್ಮ ಹೂವನ್ನು ಪಕ್ಕಕ್ಕಿಟ್ಟು ಒಂದು ಚಮಚ ಬಾಯಿಗೆ ಹಾಕಿದಳು. ಪೊಟ್ಟಣದ ಪುಡಿಗೆ ಬಿಸಿನೀರು ಬೆರೆಸಿದ್ದು. ಸತ್ತಳು ಅಂದಿದ್ದನ್ನಾದರೂ ನಗುತ್ತ ಸಹಿಸಬಹುದಿತ್ತು. ಇಂಥದ್ದನ್ನು ಬೇಯಿಸುತ್ತಿದ್ದಳು ಅಂದಿದ್ದು ಅವಳ ನೆತ್ತಿಗೇರಿತು. ಬಟ್ಟಲು ಎತ್ತಿಕೊಂಡು ನೇರ ಅಡುಗೆಮನೆಗೆ ನಡೆದಳು.

ತಂಗಿಯ ಮಗ ಅವಳನ್ನು ನೋಡಿ ಭೂತ ಕಂಡವನ ಹಾಗೆ ನಿಂತ. ಆ ಹೊತ್ತಿಗೆ ಅವಳು ಭೂತವೇ ಆಗಿದ್ದಳಲ್ಲ.

"ದೊಡ್ಡಮ್ಮ, ಮೆಲ್ಲಗೆ, ಮೆಲ್ಲಗೆ ಮಾತಾಡು…"

"ನಾನಿನ್ನೂ ಬಾಯೇ ಬಿಟ್ಟಿಲ್ಲ ಕಣೋ! ನನ್ನ ಕೊಂದಿದ್ದು ಸಾಲ್ದು ಅಂತ ಈ ಕಲಗಚ್ಚಿಗೆ ನನ್ನ ಹೆಸರು ಬೇರೆ ಇಟ್ಟಿದೀಯಾ?"

"ಈಗ ಜನ ಊಟಕ್ಕೆ ಬರಲ್ಲ, ಕಥೆಗೆ ಬರ್ತಾರೆ. 'ನಮ್ಮ ದೊಡ್ಡಮ್ಮ ಕೈ ಮುರ್ಕೊಂಡು ಮನೇಲಿದಾರೆ' ಅಂತ ಬರೆದ್ರೆ ಯಾರು ಬರ್ತಾರೆ ಹೇಳು? ಪಕ್ಕದವನು ಸತ್ತ ಅಜ್ಜನ್ನ ಇಟ್ಕೊಂಡಿದಾನೆ. ನಾನೇನು ಮಾಡ್ಲಿ?"

"ನಿಂಗೂ ಒಬ್ಬ ಅಜ್ಜ ಸತ್ತಿದ್ನಲ್ಲೋ, ಅವನನ್ನ ಇಟ್ಕೋಬೇಕಿತ್ತು."

"ಅಜ್ಜಂಗೆ ಅಡುಗೆ ಬರ್ತಿರ್ಲಿಲ್ಲ ದೊಡ್ಡಮ್ಮ," ಅಂದ ಅವನು, ತೀರಾ ಪ್ರಾಮಾಣಿಕವಾಗಿ.

ಗುಡುಗಮ್ಮ ಸುತ್ತ ನೋಡಿದಳು. ಅವಳ ದೊಡ್ಡ ಒಲೆ ಮೂಲೆ ಸೇರಿತ್ತು, ಮೇಲೆ ರಟ್ಟಿನ ಪೆಟ್ಟಿಗೆಗಳ ರಾಶಿ. ಅಡುಗೆಯವನು ಅವಳ ಕಾಲದವನೇ. ತಲೆ ತಗ್ಗಿಸಿಕೊಂಡು ಕತ್ತರಿಯಿಂದ ಪೊಟ್ಟಣದ ಬಾಯಿ ಕತ್ತರಿಸುತ್ತಿದ್ದ. ಪೆಟ್ಟಿಗೆ ಹೊತ್ತ ಒಲೆ ನೋಡಿ ಅವಳಿಗೆ ಅಳು ಬಂತು. ಅತ್ತರೆ ಇವನಿಗೆ ಸಲಿಗೆಯಾಗುತ್ತದೆಂದು ಅಳಲಿಲ್ಲ.

ಅವಳ ನೋಟ ನಿಂತ ಕಡೆ ತಂಗಿಯ ಮಗನೂ ನೋಡಿದ. ವ್ಯಾಪಾರ ಬರದಿದ್ದರೂ ಚೌಕಾಸಿ ಬರುತ್ತಿತ್ತು ಅವನಿಗೆ. "ಒಲೆ ಬೇಕಾ ನಿಂಗೆ? ತಗೋ. ಅಡುಗೆಮನೆ ಪೂರ್ತಿ ನಿಂದೇ. ಭಾನುವಾರ ಊಟದ ವಿಡಿಯೋ ಮಾಡೋನು ಬರ್ತಿದಾನೆ, ಅವನು ಹೊಗಳಿದ್ರೆ ನಾವು ಗೆದ್ವಿ. ಆವತ್ತು ನೀನೇ ಬೇಯಿಸು. ಯಾರಾದ್ರೂ ಕೇಳಿದ್ರೆ ಮಾತ್ರ… ದೊಡ್ಡಮ್ಮನ ತಂಗಿ ಅಂತೀನಿ. ಸುಮ್ನೆ ಹೂಂ ಅನ್ನು. ಇಷ್ಟು ಮಾಡಿದ್ರೆ ಸಾಯೋವರೆಗೂ ಈ ಒಲೆ ನಿಂದು."

"ಸತ್ತಾಯ್ತಲ್ಲೋ, ಇನ್ನೆಲ್ಲಿಯ 'ಸಾಯೋವರೆಗೂ'?" ಅಂದಳು ಗುಡುಗಮ್ಮ. ಆದರೆ ಬೇಡ ಅನ್ನಲಿಲ್ಲ.

ತಂಗಿಗೆ ಎಲ್ಲ ಗೊತ್ತಿತ್ತು. ಸಂಜೆ ಕೇಳಿದ್ದಕ್ಕೆ ಬಟ್ಟೆ ಮಡಿಸುತ್ತಲೇ ಒಪ್ಪಿಕೊಂಡಳು. "ಕೈ ಇನ್ನೂ ವಾಸಿಯಾಗ್ಲಿ, ಇನ್ನೂ ವಾಸಿಯಾಗ್ಲಿ ಅಂತ ನಿನ್ನ ಹಿಡ್ಕೊಂಡಿದ್ದು ಅದಕ್ಕೇ ಅಕ್ಕ. ಅವನು ಎರಡು ಸಲ ಅಂಗಡಿ ಇಟ್ಟು ಮುಳುಗಿದಾನೆ. ಹೆತ್ತ ಕರುಳು, ಏನು ಮಾಡ್ಲಿ? ಹೂಂ ಅನ್ನಕ್ಕ. ಒಂದು ಮಾತು ತಾನೆ."

ಒಂದು ಮಾತು ತಾನೆ. ಹಾಸಿಗೆಯಲ್ಲಿ ಹೊರಳುತ್ತ ಗುಡುಗಮ್ಮ ಅದನ್ನೇ ತೂಗಿದಳು. ಹೂಂ ಅಂದರೆ ಒಲೆ ಸಿಗುತ್ತದೆ. ಉಹೂಂ ಅಂದರೆ ತಂಗಿಯ ಮನೆಯ ಬಾಲ್ಕನಿ, ಹೂಕುಂಡ, ಹೊತ್ತು ಹೊತ್ತಿಗೆ ಬೇರೆಯವರು ಮಾಡಿದ ಊಟ. ಕೈ ವಾಸಿಯಾಗಿತ್ತು, ಕೆಲಸವಿಲ್ಲದೆ ಕೂತದ್ದೇ ಅವಳಿಗೆ ದೊಡ್ಡ ಕಾಯಿಲೆಯಾಗಿತ್ತು. ಬೆಳಗಾಗುವಷ್ಟರಲ್ಲಿ ಅವಳು ಹೆಚ್ಚುಕಡಿಮೆ ತಂಗಿಯೇ ಆಗಿಬಿಟ್ಟಿದ್ದಳು.

ಭಾನುವಾರ ಗುಡುಗಮ್ಮ ಹಿಂದಿನ ಬಾಗಿಲಿಂದ ಒಳಗೆ ಬಂದಳು. ಪೆಟ್ಟಿಗೆಗಳು ಕೆಳಗಿಳಿದವು. ಒಲೆ ಉರಿಯಿತು. ರಾತ್ರಿಯೇ ನೆನೆಹಾಕಿದ್ದ ಕಾಳು, ಮೂಳೆಯ ಸಾರ, ಕಂದು ಬಣ್ಣ ಬರುವವರೆಗೆ ಹುರಿದ ಈರುಳ್ಳಿ. ಅಡುಗೆಯವನು ಕತ್ತರಿ ಬಿಸಾಡಿ ಚಾಕು ಹಿಡಿದ. ಅವಳು ಅವನನ್ನು ಬೈದಳು, ಅವನು ಹಲ್ಲು ಕಿಸಿದ. ಆ ಬೆಳಗ್ಗೆ ಅವಳಿಗೆ ಆದ ಸಂತೋಷ ಇಷ್ಟೆಂದು ಹೇಳಲಾಗುವುದಿಲ್ಲ.

ಮಧ್ಯಾಹ್ನಕ್ಕೆ ಮೇಜುಗಳೆಲ್ಲ ತುಂಬಿದವು. ವಿಡಿಯೋದವನು ನಡುವಿನ ಮೇಜಿನಲ್ಲಿ. ಬಾಗಿಲ ಹತ್ತಿರ, ಮಗ ಹೇಳಿದಂತೆ ಒಳ್ಳೆಯ ಬಟ್ಟೆ ಉಟ್ಟು, ಗಿರಾಕಿಯ ಹಾಗೆ ಕೂತ ತಂಗಿ. ವಿಡಿಯೋದವನು ಒಂದು ಚಮಚ ಸೂಪು ಕುಡಿದ. ಆಮೇಲೆ ಮಾತಾಡುವುದು ಬಿಟ್ಟು ಬಟ್ಟಲು ಖಾಲಿ ಮಾಡಿದ. ಬೇಯಿಸಿದವರನ್ನು ನೋಡಬೇಕು ಎಂದ.

ಗುಡುಗಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ತಂಗಿಯ ಮಗ ಅವಳ ಭುಜ ಬಳಸಿ, ವಿಡಿಯೋದವನ ಫೋನಿನ ಕಡೆ ತಿರುಗಿ, ಗಂಟಲಲ್ಲಿ ದುಃಖ ತಂದುಕೊಂಡು ಹೇಳಿದ: "ಇವರು ನಮ್ಮ ದೊಡ್ಡಮ್ಮನ ತಂಗಿ. ದೊಡ್ಡಮ್ಮ ಹೋದ್ಮೇಲೆ ಅವರ ರುಚೀನ ಉಳಿಸಿಕೊಂಡು ಬಂದಿದಾರೆ. ಆದ್ರೂ ದೊಡ್ಡಮ್ಮನ ಕೈಯೇ ಬೇರೆ ಬಿಡಿ. ಇದು ಅದರ ಅರ್ಧ ಅಷ್ಟೇ."

ಅಲ್ಲಿಯವರೆಗೂ ಅವಳು ಹೂಂ ಅನ್ನುವವಳೇ ಇದ್ದಳು. ನಾಲಿಗೆಯ ತುದಿಗೆ ಬಂದಿತ್ತು. ಅರ್ಧ ಅಂದನಲ್ಲ!

"ಯಾವ ಸೀಮೆ ಅರ್ಧ?" ಎಂದಳು. "ಇದೇ ಪೂರ್ತಿ. ಆ ಸತ್ತವಳು ನಾನೇ."

ಯಾರೋ ನಕ್ಕರು. ತಂಗಿಯ ಮಗ ಭುಜ ಅದುಮಿ ಮೆಲುದನಿಯಲ್ಲಿ ಎಂದ, "ಅಕ್ಕನ್ನ ಕಳ್ಕೊಂಡ ದುಃಖ. ಆವಾಗಿಂದ ಹೀಗೇ, ತಲೆ ಸ್ವಲ್ಪ…"

ವಿಡಿಯೋದವನು ಅಯ್ಯೋ ಪಾಪ ಎಂಬಂತೆ ಫೋನು ಕೆಳಗಿಳಿಸಿದ. ಬಡಿಸುವ ಹೆಂಗಸು ಕುರ್ಚಿ ತಂದಳು. ಜೀವಮಾನದಲ್ಲಿ ಯಾರೂ ಗುಡುಗಮ್ಮನಿಗೆ ಪಾಪ ಅಂದಿರಲಿಲ್ಲ. ಸತ್ತಳು ಅಂದರೆ ಎದುರು ನಿಂತು ತೋರಿಸಬಹುದು. ಹುಚ್ಚಿ ಅಂದರೆ ಏನು ಮಾತಾಡಿದರೂ ಹುಚ್ಚೇ. ಅವಳು ತಂಗಿಯ ಕಡೆ ನೋಡಿದಳು.

ತಂಗಿ ತನ್ನ ಬಟ್ಟಲನ್ನು ನೋಡುತ್ತಿದ್ದಳು. ಆಮೇಲೆ ಚಮಚ ಕೆಳಗಿಟ್ಟು ಎದ್ದು ನಿಂತಳು. ಮೇಜು ಹಿಡಿದುಕೊಂಡಳು.

"ಅವನು ನನ್ನ ಮಗ," ಎಂದಳು. "ಅವನಿಗಿರೋದು ಒಬ್ಬಳೇ ದೊಡ್ಡಮ್ಮ. ಅವಳ ತಂಗಿ ನಾನು. ನಂಗೆ ನೀರು ಕಾಯ್ಸೋದು ಬಿಟ್ರೆ ಬೇರೆ ಅಡುಗೆ ಬರಲ್ಲ."

"ಅಮ್ಮಾ!" ಎಂದ ಮಗ.

"ಸುಮ್ನಿರೋ. ಹುಚ್ಚಿ ಅಂದ್ಯಲ್ಲೋ ನನ್ನಕ್ಕನ್ನ. ಉಪ್ಪು ತಿಂದಿದೀಯ, ನೀರು ಕುಡಿ."

ಫೋನು ಮತ್ತೆ ಮೇಲೆದ್ದಿತು. ತಂಗಿಯ ಮಗನ ಮುಖ ನೋಡಿದರೆ ಆ ಗಳಿಗೆಯಲ್ಲಿ ಅಲ್ಲಿ ನಿಜಕ್ಕೂ ಸತ್ತವರು ಯಾರೆಂದು ಯಾರಾದರೂ ಹೇಳಬಹುದಿತ್ತು. ಗುಡುಗಮ್ಮ ಅವನ ಕೈಯನ್ನು ತನ್ನ ಭುಜದಿಂದ ಎತ್ತಿಟ್ಟಳು.

"ನಾಳೆಯಿಂದ ನಾನು ಬರ್ತೀನಿ, ಮುಂದಿನ ಬಾಗಿಲಿಂದಲೇ," ಎಂದಳು. "ನಿಂಗೆ ನಾಚಿಕೆ ಅನ್ಸಿದ್ರೆ ನೀನು ಹಿಂದಿನ ಬಾಗಿಲು ಬಳಸ್ಕೋ."

"ಜನ ನಗ್ತಾರೆ ದೊಡ್ಡಮ್ಮ," ಎಂದ ಅವನು. ಅಳುವುದೊಂದು ಬಾಕಿ. "ಅಂಗಡಿ ಮುಚ್ಚಬೇಕಾಗುತ್ತೆ."

ಆಗಬಹುದಿತ್ತು. ಅದು ಅವಳಿಗೂ ಗೊತ್ತಿತ್ತು. ಈ ಬೀದಿಯಲ್ಲಿ ಬದುಕಿದ್ದವರ ಅಂಗಡಿಗಳು ಎಷ್ಟೋ ಮುಚ್ಚಿದ್ದವು.

"ಮುಚ್ಚಲಿ," ಎಂದಳು ಗುಡುಗಮ್ಮ. "ನಾನೇ ಬಾಗಿಲು ಹಾಕ್ತೀನಿ, ನನ್ನ ಕೈಯಾರೆ. ಅಲ್ಲಿವರೆಗೂ ಇಲ್ಲಿ ಬೇಯಿಸೋಳು ನಾನೇ." ಆಮೇಲೆ ಬಾಯಿ ತೆರೆದು ಕೂತಿದ್ದ ವಿಡಿಯೋದವನ ಕಡೆ ತಿರುಗಿದಳು. "ನೀನೇನು ನೋಡ್ತಿದೀಯ? ತಿಂದಾಗಿದ್ರೆ ಏಳು. ಬಾಗಿಲಲ್ಲಿ ಜನ ನಿಂತಿದಾರೆ."